ನಮ್ಮ ಅಂಗಡಿಯ ಒಂದೇ ಒಂದು ಕುರ್ಚಿಯ ವಿಷಯವಾಗಿ

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಹೊಸ ಉದ್ಯೋಗ ಮತ್ತು ವಿಮಾ ಕಾನೂನು ಜಾರಿ ಕಚೇರಿ,
ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ಮಾನ್ಯರೇ,

ತಮ್ಮ ಆರೋಗ್ಯವೂ ತಮ್ಮ ಮನೆಯವರ ಆರೋಗ್ಯವೂ, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಎರಡೂ ಮಂಡಿಗಳ ಆರೋಗ್ಯವೂ ಚೆನ್ನಾಗಿರಲೆಂದು ಹಾರೈಸುತ್ತಾ, ಬೆತ್ತದ ಕುರ್ಚಿ ಹೆಣೆಯುವ ಅಂಗಡಿಯೊಂದಕ್ಕೆ ಇಪ್ಪತ್ತಮೂರು ವರ್ಷ ಮಾಲೀಕನಾಗಿದ್ದು, ಹೋದ ತಿಂಗಳ ಒಂಬತ್ತನೇ ತಾರೀಖಿನಿಂದ ತಮ್ಮ ಕೃಪೆಯಿಂದ ಅದೇ ಅಂಗಡಿಯ ಮೂರನೇ ನಂಬರಿನ ಕೆಲಸಗಾರನಾಗಿರುವ ನಾನು ಸಾಷ್ಟಾಂಗ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ. ಸಾಷ್ಟಾಂಗ ಎಂದದ್ದು ಅಲಂಕಾರಕ್ಕಲ್ಲ. ದಿನವಿಡೀ ನೆಲದ ಮೇಲೇ ಕೂರುವವನಿಗೆ ಅಲ್ಲಿಂದ ಸಾಷ್ಟಾಂಗಕ್ಕೆ ಹೆಚ್ಚು ದೂರವಿಲ್ಲ. ಇದೇ ಸಂಗತಿಯನ್ನು ಮುಚ್ಚಿದ ಲಕೋಟೆಯಲ್ಲಿ ಮೂರು ಸಲ ಬರೆದು ಕಳಿಸಿದ್ದೆ. ಮೂರಕ್ಕೂ ‘ತಮ್ಮ ಪತ್ರ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಅಷ್ಟು ಅಮೂಲ್ಯವಾದದ್ದನ್ನು ಬಿಚ್ಚಲು ತಮಗೆ ಮನಸ್ಸು ಬಂದಿರಲಾರದೆಂದು ಊಹಿಸಿ, ಈ ಸಲ ಬಿಚ್ಚಿಯೇ ಕಳಿಸುತ್ತಿದ್ದೇನೆ.

ಮೊದಲು ಕಾನೂನಿನ ಗುಣಗಾನ. ಒಬ್ಬನೇ ಒಬ್ಬ ಕೆಲಸಗಾರನಿದ್ದರೂ ಅವನಿಗೆ ನೇಮಕಾತಿ ಪತ್ರ ಕೊಡಬೇಕು, ದಿನಕ್ಕೆ ಎಂಟೇ ಗಂಟೆ ದುಡಿಸಬೇಕು, ವಾರಕ್ಕೊಂದು ರಜೆ ಕೊಡಬೇಕು, ವಯಸ್ಸು ಎಷ್ಟೇ ಆಗಿರಲಿ ಮೊದಲ ದಿನದಿಂದಲೇ ಆಸ್ಪತ್ರೆಯ ವಿಮೆ ಮಾಡಿಸಬೇಕು ಎಂದು ತಾವು ಸಾರಿದ ದಿನ ನಮ್ಮ ಬೀದಿಯ ಮಾಲೀಕರೆಲ್ಲ ಮೂಗು ಮುರಿದರು. ಬೀದಿ ಕೊನೆಯ ಬೀಗದ ಅಂಗಡಿಯವನು “ಇನ್ಮೇಲೆ ಕೆಲಸದವರನ್ನ ತಲೆ ಮೇಲೆ ಕೂರಿಸ್ಕೋಬೇಕು ನೋಡಿ” ಎಂದು ಗೊಣಗಿದ. ನಾನು ಮಾತ್ರ ಗೊಣಗಲಿಲ್ಲ. ನಮ್ಮಲ್ಲಿ ಕೆಲಸದವರನ್ನು ಕುರ್ಚಿಯ ಮೇಲೆ ಕೂರಿಸಿ ಆಗಲೇ ಆರು ವರ್ಷವಾಗಿತ್ತು. ನನ್ನ ದೂರಿನ ಬೇರೂ ಆ ಕುರ್ಚಿಯಲ್ಲೇ ಇದೆ.

ಕುರ್ಚಿ ಹೆಣೆಯುವ ಅಂಗಡಿಯಲ್ಲಿ ಒಂದೇ ಕುರ್ಚಿಯೇ ಎಂದು ತಾವು ಹುಬ್ಬೇರಿಸಬಹುದು. ನಮ್ಮಲ್ಲಿಗೆ ಬರುವ ಕುರ್ಚಿಗಳಿಗೆ ಕಾಲಿರುತ್ತದೆ, ಕೈಯಿರುತ್ತದೆ, ಬೆನ್ನಿರುತ್ತದೆ, ಕೂರುವ ಜಾಗವೊಂದಿರುವುದಿಲ್ಲ. ಆ ಜಾಗ ಹೆಣೆದು ಮುಗಿದ ದಿನವೇ ಅವು ಗಂಡನ ಮನೆಗೆ ಹೊರಡುವ ಹುಡುಗಿಯರಂತೆ ಹೊರಟುಬಿಡುತ್ತವೆ. ಹೀಗಾಗಿ ಅಂಗಡಿಯಲ್ಲಿ ಯಾವಾಗಲೂ ಮೂವತ್ತು ನಲವತ್ತು ಕುರ್ಚಿಗಳಿದ್ದರೂ ಕೂರಲು ಬರುವುದು ಒಂದೇ ಒಂದು. ಅದೂ ಹನ್ನೊಂದು ವರ್ಷದ ಹಿಂದೆ ಯಾರೋ ರಿಪೇರಿಗೆ ಬಿಟ್ಟು ಮರೆತುಹೋದದ್ದು. ಬೆತ್ತ ಹೆಣೆಯುವವರು ನೆಲದ ಮೇಲೆ ಕೂತು, ಚೌಕಟ್ಟನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕೆಲಸ ಮಾಡುವುದು ರೂಢಿ. ಆದ್ದರಿಂದ ಆ ಒಂಟಿ ಕುರ್ಚಿ ಯಾರಿಗೆ ಎಂಬುದನ್ನು ನಮ್ಮಲ್ಲಿ ತೀರ್ಮಾನಿಸುವುದು ಮಾಲೀಕತನವಲ್ಲ, ಮಂಡಿ. ಯಾರ ಮಂಡಿ ಮಡಚುವುದಿಲ್ಲವೋ ಕುರ್ಚಿ ಅವರದು. ನೆಂಟರೋ ಗಿರಾಕಿಗಳೋ ಬಂದರೆ ಮಾತ್ರ ಅವರಿಗೆ ಬಿಟ್ಟುಕೊಡುತ್ತೇವೆ.

ಆರು ವರ್ಷದಿಂದ ಆ ಕುರ್ಚಿ ದೊಡ್ಡಪ್ಪನದು. ದೊಡ್ಡಪ್ಪ ಎಂದರೆ ರಕ್ತಸಂಬಂಧಿಯಲ್ಲ. ನನ್ನ ತಂದೆಯ ಕಾಲದಿಂದ ನಮ್ಮಲ್ಲಿ ಹೆಣೆಯುತ್ತಿರುವವರು, ನನ್ನ ಕೈ ಹಿಡಿದು ಮೊದಲ ಎಳೆ ಹಾಕಿಸಿದವರು. ಅರವತ್ತೆಂಟು ದಾಟಿರುವ ಅವರ ಎರಡು ಮಂಡಿಗಳೂ ಸವೆದುಹೋಗಿವೆ. ಹೊಸ ಮಂಡಿ ಹಾಕಿಸದಿದ್ದರೆ ವರ್ಷದೊಳಗೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ತಮ್ಮ ಕಾನೂನು ಬಂದ ವಾರವೇ ನಾನು ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಬರುವ ತಿಂಗಳ ಹದಿನೆಂಟಕ್ಕೆ ಆಪರೇಷನ್ನಿನ ದಿನ ಗೊತ್ತುಮಾಡಿಕೊಂಡು ಬಂದೆ. ಇನ್ನು ವಿಮೆಯ ನೋಂದಣಿಯೊಂದೇ ಬಾಕಿ ಇತ್ತು.

ಅದಕ್ಕಾಗಿ ತಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಅಂಗೈಗಿಂತ ತುಸು ದೊಡ್ಡದೊಂದು ಯಂತ್ರ ಹಿಡಿದು ದಯಮಾಡಿಸಿದರು. ದೊಡ್ಡಪ್ಪ ರೂಢಿಯಂತೆ ಎರಡೂ ಕೈಯೂರಿ ಅರ್ಧ ಎದ್ದು ಕುರ್ಚಿ ಬಿಟ್ಟುಕೊಡಲು ಹೋದರೆ, ಸಾಹೇಬರು “ಬೇಡ ಬೇಡ, ಇನ್ನೂ ಹದಿನೇಳು ಅಂಗಡಿ ಇದೆ, ನಿಂತೇ ಮುಗಿಸ್ತೀನಿ” ಎಂದರು. ದೊಡ್ಡಪ್ಪ ಮತ್ತೆ ಕೂತರು. ಕೂತವರು ಸುಮ್ಮನಿರದೆ, “ಏಯ್, ಆ ಮೂರನೇ ಎಳೆ ಸಡಿಲ ಬಿಟ್ಟಿದೀಯ ನೋಡು, ಬಿಚ್ಚು, ಮೊದಲು ಬಿಚ್ಚು” ಎಂದು ನನ್ನನ್ನು ಗದರಿದರು. ನಾನು ಯಾವತ್ತಿನಂತೆ ತಲೆ ತಗ್ಗಿಸಿ ಬಿಚ್ಚಿದೆ. ಸಾಹೇಬರು ಕುರ್ಚಿಯನ್ನು ನೋಡಿದರು, ಗದರಿಕೆಯನ್ನು ಕೇಳಿದರು, ನನ್ನ ತಗ್ಗಿದ ತಲೆಯನ್ನು ಗಮನಿಸಿದರು. ಒಂದೇ ಒಂದು ಪ್ರಶ್ನೆಯನ್ನೂ ವ್ಯರ್ಥಮಾಡದೆ ಸತ್ಯವನ್ನು ಕಂಡುಕೊಂಡುಬಿಟ್ಟರು. ಆ ಯಂತ್ರದಲ್ಲೇ ಫೋಟೊ ಹೊಡೆದರು. ದೊಡ್ಡಪ್ಪ ಹೊಸ ಮಂಡಿಯ ಸಂಭ್ರಮದಲ್ಲಿ ಹೆಬ್ಬೆಟ್ಟು ಒತ್ತಿದರು, ನಾನೂ ಒತ್ತಿದೆ, ಚೌಕಟ್ಟು ಸರಿಮಾಡುವ ನಮ್ಮ ಬಡಗಿಯೂ, ಪಾಲಿಶ್ ಹಚ್ಚುವ ನಮ್ಮ ಪಾಲಿಶ್ ಅಕ್ಕನೂ ಒತ್ತಿದರು. ದಿನಕ್ಕೆ ಎಷ್ಟು ಗಂಟೆ ಕೆಲಸ ಎಂದು ಹೋಗುವಾಗ ನನ್ನನ್ನು ಕೇಳಿದ್ದಕ್ಕೆ, ಎದೆಯುಬ್ಬಿಸಿ “ಹನ್ನೊಂದು ಸಾರ್” ಎಂದೆ.

ವಾರದಲ್ಲಿ ಎರಡು ಲಕೋಟೆಗಳು ಬಂದವು. ಒಂದರಲ್ಲಿ ನನ್ನ ಹೆಸರಿಗೆ ಕೆಲಸಗಾರರ ವಿಮಾ ಕಾರ್ಡ್. ಇನ್ನೊಂದು, ‘ಮಾಲೀಕರಾದ’ ದೊಡ್ಡಪ್ಪನಿಗೆ ನೋಟಿಸು: ಮೂರನೇ ನಂಬರಿನ ಕೆಲಸಗಾರನನ್ನು ನೇಮಕಾತಿ ಪತ್ರವಿಲ್ಲದೆ, ವಾರದ ರಜೆಯಿಲ್ಲದೆ, ದಿನಕ್ಕೆ ಹನ್ನೊಂದು ಗಂಟೆ ದುಡಿಸುತ್ತಿರುವ ಕ್ರೌರ್ಯಕ್ಕೆ ವಿವರಣೆ ಕೊಡತಕ್ಕದ್ದು.

ಮಾನ್ಯರೇ, ಮೊದಮೊದಲು ನಾವು ನಕ್ಕೆವು, ಸುಳ್ಳೇಕೆ ಹೇಳಲಿ. ದೊಡ್ಡಪ್ಪ ಪಾಲಿಶ್ ಅಕ್ಕನನ್ನು ಕೂರಿಸಿಕೊಂಡು ನನಗೊಂದು ನೇಮಕಾತಿ ಪತ್ರ ಬರೆಸಿದರು: ಎಳೆ ಸಡಿಲ ಬಿಟ್ಟರೆ ಬಿಚ್ಚಿ ಮತ್ತೆ ಹೆಣೆಯತಕ್ಕದ್ದು, ಹಿರಿಯರಿಗೆ ಎದುರುತ್ತರ ಕೊಡತಕ್ಕದ್ದಲ್ಲ, ಚಹಾ ದಿನಕ್ಕೆ ಎರಡೇ ಸಲ. ಸಂಜೆ ಆರಾಗುತ್ತಿದ್ದಂತೆ “ಏಳಪ್ಪಾ ಏಳು, ನೀನು ಕೂತಿದ್ರೆ ನಾನು ಜೈಲಿಗೆ ಹೋಗ್ಬೇಕಾಗತ್ತೆ” ಎಂದು ನನ್ನನ್ನು ಅಂಗಡಿಯಿಂದ ಅಟ್ಟತೊಡಗಿದರು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ನನಗೆ ವಾರದ ರಜೆ ಸಿಕ್ಕಿತು. ಆ ದಿನ ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ. ಸಕ್ಕರೆ ಹುಡುಕಿ ಸೋತ ನನ್ನ ಹೆಂಡತಿ “ಈ ಕಾನೂನು ಮಾಡೋವಾಗ ಮನೆ ಹೆಂಗಸರನ್ನ ಒಂದ್ ಮಾತು ಕೇಳಿದ್ರಾ ಅಂತ ಬರೀರಿ ಅವರಿಗೆ” ಎಂದಿದ್ದಾಳೆ. ಬರೆದಿದ್ದೇನೆ.

ನಗು ನಿಂತದ್ದು ಆಸ್ಪತ್ರೆಯಲ್ಲಿ. ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಕಂಪ್ಯೂಟರಿನ ತೆರೆ ನೋಡಿ, ಈ ವಿಮೆ ಕೆಲಸಗಾರರಿಗೆ ಮಾತ್ರ, ಮಾಲೀಕರಿಗೆ ಅನ್ವಯಿಸುವುದಿಲ್ಲ ಎಂದರು. ಜೊತೆಗೆ, ನನ್ನ ಮಂಡಿಗಳನ್ನು ಬೇಕಾದರೆ ನಾಳೆಯೇ ಬದಲಿಸಿಕೊಡುವುದಾಗಿ ವಿನಯದಿಂದ ತಿಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಎಮ್ಮೆಯ ಹೆಸರಿಗೆ ಕಾರ್ಡೂ ಬರುತ್ತದೆಂದು ಗೊತ್ತಿರಲಿಲ್ಲ. ದೊಡ್ಡಪ್ಪ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿಯುತ್ತಾ “ಬಿಡಪ್ಪಾ, ಮಾಲೀಕ ಆಗಿ ಮಲಗೋ ಯೋಗ ಎಲ್ರಿಗೂ ಸಿಗಲ್ಲ” ಎಂದರು. ಆ ಮಾತಿಗೆ ಅವರೊಬ್ಬರೇ ನಕ್ಕರು.

ತಮ್ಮ ಕಚೇರಿಗೂ ಬಂದಿದ್ದೆ. ಅಲ್ಲಿನ ಗುಮಾಸ್ತರು ಬಹಳ ಸೌಜನ್ಯದಿಂದ, ಒಮ್ಮೆ ನಮೂದಾದದ್ದನ್ನು ಒಂದು ವರ್ಷ ತಿದ್ದುವಂತಿಲ್ಲ, ಮುಖ್ಯಾಧಿಕಾರಿಗಳೇ ಸ್ಥಳಕ್ಕೆ ಬಂದು ಹೊಸ ಫೋಟೊ ತೆಗೆಸಿದರೆ ಮಾತ್ರ ಆ ಕ್ಷಣವೇ ಹಳೆಯದು ರದ್ದಾಗಿ ಫೋಟೊದಲ್ಲಿ ಕಂಡದ್ದೇ ಖಾಯಂ ಆಗುತ್ತದೆ ಎಂದು ವಿವರಿಸಿದರು. ಅಲ್ಲಿಯವರೆಗೆ ಏನು ಮಾಡಲಿ ಎಂದರೆ “ಅವರಿಗೆ ಮಂಡಿ ಮಡಚಬೇಡಿ ಅಂತ ಹೇಳಿ, ಆದಷ್ಟು ಕುರ್ಚಿ ಮೇಲೇ ಕೂರಿಸಿ” ಎಂದರು. ಇಷ್ಟು ಒಳ್ಳೆಯ ಸಲಹೆಯನ್ನು ನಾವು ಆರು ವರ್ಷ ಮೊದಲೇ ಪಾಲಿಸಿದ್ದರಿಂದಲೇ ಈ ಪತ್ರ ಬರೆಯುವಂತಾಯಿತೆಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಒಂದನ್ನು ಮಾತ್ರ ಗಮನಿಸಿದೆ: ತಮ್ಮ ಕಚೇರಿಯಲ್ಲಿ ಇಪ್ಪತ್ತೆರಡು ಜನ ಕುರ್ಚಿಯ ಮೇಲಿದ್ದರು, ನಿಂತಿದ್ದವನು ನಾನೊಬ್ಬನೇ. ತಮ್ಮ ಇನ್‌ಸ್ಪೆಕ್ಟರರ ಅಳತೆಗೋಲಿನಲ್ಲಿ ಅಳೆದರೆ ಆ ಕಚೇರಿಗೆ ಇಪ್ಪತ್ತೆರಡು ಮಾಲೀಕರು, ಒಬ್ಬನೇ ಕೆಲಸಗಾರ. ಆ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಟ್ಟಿಲ್ಲವೆಂಬುದನ್ನು ಗಮನಕ್ಕೆ ತರುತ್ತೇನೆ.

ಆದ್ದರಿಂದ ನನ್ನ ಅಲ್ಪ ಬೇಡಿಕೆಗಳು. ಕೆಲಸಗಾರನಾದ ನನಗೆ ಎರಡು ಮಂಡಿಗಳ ಹಕ್ಕು ಇರುವುದರಿಂದ, ಆಪರೇಷನ್ನನ್ನು ನನಗೇ ಮಾಡಿಸಿ, ಅದರಿಂದ ಬರುವ ಗುಣವನ್ನಷ್ಟೇ ದೊಡ್ಡಪ್ಪನ ಕಾಲಿಗೆ ವರ್ಗಾಯಿಸಲು ಆದೇಶಿಸಬೇಕು. ಅದು ನಿಯಮಕ್ಕೆ ಹೊರತಾದರೆ, ನಮ್ಮಲ್ಲಿ ಯಾರು ಏನೆಂದು ನಿರ್ಧರಿಸಿದ ಆ ಕುರ್ಚಿಯನ್ನೇ ಮಾಲೀಕನೆಂದು ನಮೂದಿಸಬೇಕು. ಅದರ ಹಿಂದಿನ ಎಡಗಾಲೂ ಅಲುಗಾಡುತ್ತದೆ, ಆದರೆ ಅದು ವಿಮೆ ಕೇಳುವುದಿಲ್ಲ, ನೋಟಿಸಿಗೆ ಹೆದರುವುದಿಲ್ಲ. ಅದೂ ಆಗದಿದ್ದರೆ, ಹದಿನೆಂಟನೇ ತಾರೀಖನ್ನು ಒಂದು ವರ್ಷ ಮುಂದೂಡಬೇಕು; ಆಸ್ಪತ್ರೆಯದನ್ನಲ್ಲ, ಕ್ಯಾಲೆಂಡರಿನದನ್ನು. ಮಾಲೀಕತನ ನನಗೆ ವಾಪಸು ಬಾರದಿದ್ದರೂ ಅಡ್ಡಿಯಿಲ್ಲ, ಅದು ದೊಡ್ಡಪ್ಪನಿಗೆ ನನಗಿಂತ ಚೆನ್ನಾಗಿ ಒಪ್ಪುತ್ತದೆ. ಅವರ ಮಂಡಿಗಳಿಗೆ ಮಾತ್ರ ಒಪ್ಪುತ್ತಿಲ್ಲ.

ಸಂಜೆ ಆರು ಗಂಟೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಕೆಲಸಗಾರ ನಂಬರ್ ಮೂರು

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ, ಬರುವ ಹನ್ನೆರಡಕ್ಕೆ ತಾವೇ ಖುದ್ದಾಗಿ ನಮ್ಮ ಅಂಗಡಿಗೆ ಬರುವಿರೆಂದು ಸುದ್ದಿ ಬಂತು, ಸುದ್ದಿ ತಂದವರ ಬಾಯಿಗೆ ಸಕ್ಕರೆ ಹಾಕೋಣವೆಂದರೆ ಡಬ್ಬಿ ಇನ್ನೂ ಸಿಕ್ಕಿಲ್ಲ. ಅಂದು ಕುರ್ಚಿಯ ಮೇಲೆ ನೀನೇ ಕೂರು ಎಂದು ಬಡಗಿ ನನಗೆ ಹೇಳಿದ. ಬಂದವರನ್ನು ನಿಲ್ಲಿಸಿ ನಾವು ಕೂರುವುದು ಎಲ್ಲಿಯ ಮರ್ಯಾದೆ ಎಂದು ದೊಡ್ಡಪ್ಪ ಅವನ ಬಾಯಿ ಮುಚ್ಚಿಸಿದರು. ಆದ್ದರಿಂದ ಅಂದು ನಾವು ನಾಲ್ವರೂ ನೆಲದ ಮೇಲಿರುತ್ತೇವೆ. ದೊಡ್ಡಪ್ಪನನ್ನು ಬಡಗಿಯೂ ನಾನೂ ಹಿಡಿದು ಇಳಿಸುತ್ತೇವೆ. ನೋವಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೇನೆ ಎಂದಿದ್ದಾರೆ, ಫೋಟೊ ಮಾತ್ರ ಬೇಗ ತೆಗೆಸಿ. ಕುರ್ಚಿ ತಮಗೆ. ತಾವು ಕೂತ ಫೋಟೊ ಯಂತ್ರದೊಳಗೆ ಹೋದ ಕ್ಷಣದಿಂದ ನಮ್ಮ ಅಂಗಡಿ, ನಾಲ್ವರು ಕೆಲಸಗಾರರು, ಬಾಕಿ ಇರುವ ನೋಟಿಸು ಎಲ್ಲವೂ ತಮ್ಮವು. ದೊಡ್ಡಪ್ಪನ ಆಪರೇಷನ್ನಿನ ಅರ್ಜಿಯನ್ನು ಕುರ್ಚಿಯ ಕೈಗೆ ಕಟ್ಟಿರುತ್ತೇವೆ, ಮಾಲೀಕರ ಸಹಿಯ ಜಾಗದಲ್ಲಿ ಪೆನ್ಸಿಲ್ ಗುರುತಿದೆ. ಅಕಸ್ಮಾತ್ ತಾವೂ ಇನ್‌ಸ್ಪೆಕ್ಟರರಂತೆ ನಿಂತೇ ಇರುವುದಾದರೆ ಸಂಕೋಚ ಬೇಡ. ತಮ್ಮ ಹೆಸರಿಗೂ ದೊಡ್ಡಪ್ಪ ನೇಮಕಾತಿ ಪತ್ರ ಬರೆಸಿಟ್ಟಿದ್ದಾರೆ. ಚಹಾ ಎರಡೇ ಸಲ.