ಚರ್ಚೆಯಿಲ್ಲದ ಏಕಾದಶಿ

ಉಪವಾಸವೆಂದರೆ ದೇವರಿಗೂ ನಮಗೂ ನಡುವಿನ ಒಂದು ವ್ಯವಹಾರ ಎಂದು ನಾನು ಬಹಳ ಕಾಲ ನಂಬಿದ್ದೆ. ವ್ಯವಹಾರ ಎಂದ ಮೇಲೆ ಮೊದಲು ಹೇಳಿದ ದರಕ್ಕೇ ತಲೆಯಾಡಿಸುವುದು ದಡ್ಡತನ. ಹಳೆಯ ಮನೆ ಕೆಡಹುವಲ್ಲಿಗೆ ಹೋಗಿ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ತಂದು ಬಂಟ್ವಾಳ ಪೇಟೆಯಲ್ಲಿ ಮಾರುವುದು ನನ್ನ ಕಸುಬು. ಒಂದೇ ಒಂದು ಮುರುಕು ಕಿಟಕಿಯಿಂದ ಶುರು ಮಾಡಿದವನು ನಾನು. ಈಗ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಇದು ಪೂರ್ತಿ ಬಾಯಿಯ ಸಂಪಾದನೆ. ನಮ್ಮ ಕಡೆ ಚೌಕಾಸಿಗೆ ‘ಚರ್ಚೆ’ ಎನ್ನುತ್ತಾರೆ. ಬೇರೆ ಊರಿನಲ್ಲಿ ವಿದ್ವಾಂಸರು ಮಾಡುವ ಕೆಲಸವನ್ನು ನಮ್ಮಲ್ಲಿ ಮೀನು, ತರಕಾರಿ ಕೊಳ್ಳುವವರೂ ಮಾಡುತ್ತಾರೆ ಎಂದು ನೀವು ತಿಳಿದುಕೊಂಡರೆ ನನ್ನ ಆಕ್ಷೇಪವಿಲ್ಲ.

ನನ್ನನ್ನು ದೂರುವ ಮೊದಲು ಹಿರಿಯರು ಮಾಡಿಟ್ಟ ಏರ್ಪಾಡನ್ನು ಸ್ವಲ್ಪ ನೋಡಿ. ಏಕಾದಶಿಗೆ ಅನ್ನ ವರ್ಜ್ಯ. ಆದರೆ ಅವಲಕ್ಕಿ ಆಗುತ್ತದೆ. ಅವಲಕ್ಕಿ ಯಾವ ಮರದಲ್ಲಿ ಬೆಳೆಯುತ್ತದೆ? ಅದೇ ಭತ್ತ, ಅದೇ ಗದ್ದೆ. ನಾಲ್ಕು ಪೆಟ್ಟು ತಿಂದದ್ದರಿಂದ ಅದರ ದೋಷ ಪರಿಹಾರವಾಯಿತು. ಮೇಲಿಂದ ಸಜ್ಜಿಗೆ, ಸಬ್ಬಕ್ಕಿ ಪಾಯಸ. ಕೆಲವು ಮನೆಗಳಲ್ಲಿ ದೋಸೆಯೂ ಉಂಟು. ಇಷ್ಟಕ್ಕೂ ಸೇರಿ ಹೆಸರು ಫಲಾಹಾರ. ಇಷ್ಟು ವರ್ಷದಲ್ಲಿ ಆ ಬಾಳೆಲೆಯ ಮೇಲೆ ನಾನು ಹಣ್ಣು ಕಂಡದ್ದು ಕಡಿಮೆ. ಈ ರಿಯಾಯಿತಿಗಳನ್ನೆಲ್ಲ ಗಿಟ್ಟಿಸಿಕೊಂಡವನು ಯಾರೋ ನನ್ನಂಥವನೇ ಇರಬೇಕು.

ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ, ಅಷ್ಟೆ. ಕೆಲವು ತಿಂಗಳು ಪಂಚಾಂಗದಲ್ಲಿ ಏಕಾದಶಿ ಎರಡು ದಿನ ಬೀಳುತ್ತದೆ, ಸ್ಮಾರ್ತರಿಗೆ ಒಂದು, ವೈಷ್ಣವರಿಗೆ ಮರುದಿನ ಇನ್ನೊಂದು. ನರಿಕೊಂಬಿನ ನಮ್ಮ ಮನೆಯಲ್ಲಿ ಮೊದಲನೆಯದು. ಮೂಡಬಿದಿರೆ ಹತ್ತಿರ ಬೆಳುವಾಯಿಯ ನನ್ನ ಮಾವನ ಮನೆಯಲ್ಲಿ ಎರಡನೆಯದು. ಆದ್ದರಿಂದ ಮೊದಲ ದಿನ ನನಗೆ ಮೂಡಬಿದಿರೆ ಕಡೆ ತಪ್ಪಿಸಲಾಗದ ವ್ಯಾಪಾರ ಇರುತ್ತಿತ್ತು. ಮಧ್ಯಾಹ್ನ ಮಾವನ ಮನೆಯಲ್ಲಿ ಉಂಡು, ನಾಳೆ ಉಪವಾಸವಲ್ಲವಾ ಎಂದು ಅತ್ತೆಯೊಂದಿಗೆ ನಿಟ್ಟುಸಿರು ಬಿಟ್ಟು ಬರುತ್ತಿದ್ದೆ. ಮರುದಿನ ನಮ್ಮಲ್ಲಿ ದ್ವಾದಶಿಯ ಊಟ. ಇದು ಸರಾಗವಾಗಿ ನಡೆಯುತ್ತಿತ್ತು. ಒಂದು ದಿನ ಅತ್ತೆ ಫೋನಿನಲ್ಲಿ ಮಗಳ ಹತ್ತಿರ, ಅಳಿಯನಿಗೆ ನನ್ನ ಹಲಸಿನ ಬೀಜದ ಹುಳಿ ಎಂದರೆ ಎಷ್ಟು ಇಷ್ಟ, ಮೂರನೇ ಸಲ ಅನ್ನ ಹಾಕಿಸಿಕೊಂಡರು ಎಂದು ಹೊಗಳಿಬಿಟ್ಟರು. ಅಳಿಯಂದಿರಿಗೆ ನನ್ನದೊಂದು ಸಲಹೆ: ಅತ್ತೆಯ ಅಡುಗೆಯನ್ನು ಮಿತವಾಗಿ ಮೆಚ್ಚಿ.

ಹೆಂಡತಿ ಶಾರದೆ ಜಗಳ ಮಾಡಲಿಲ್ಲ. ಅವಳ ಮನಸ್ಸಿನಲ್ಲಿ ಬೇರೆ ವಿಷಯ ಇತ್ತು. ಹಿಂದಿನ ಜಗಲಿಯಲ್ಲಿ ಅವಳ ಅಜ್ಜಿಯ ಕಾಲದ ಕಡೆಯುವ ಕಲ್ಲು ಉಂಟು. ಗ್ರೈಂಡರ್ ಬಂದ ಮೇಲೆ ಅದರ ಉಪಯೋಗ ಎರಡೇ: ಅವಳಿಗೆ ಮೆಣಸಿನ ತಟ್ಟೆ ಇಡಲು, ನನಗೆ ಕಾಲಬೆರಳು ಎಡವಲು. ಹೋಂಸ್ಟೇ ಕಟ್ಟುವ ಒಬ್ಬರು ಅದನ್ನು ನೋಡಿ, ಅಂಗಳದಲ್ಲಿ ಹೂವು ತೇಲಿಸಲು ಬೇಕು ಎಂದು ಬೆನ್ನು ಹತ್ತಿದ್ದರು. ನಾನು ಹೂಂ ಎಂದಿದ್ದೆ. ಶಾರದೆ ಉಹೂಂ ಎಂದಿದ್ದಳು. ಅಂದು ಅವಳೇ ಆ ಮಾತೆತ್ತಿದಳು.

“ಬರುವ ಏಕಾದಶಿ ಒಂದು ಸರಿಯಾಗಿ ಮಾಡಿ. ನೀರು ಬಿಟ್ಟು ಎಂತದೂ ಇಲ್ಲ. ಕಲ್ಲು ಕೊಂಡುಹೋಗಿ, ನಾನು ಮಾತಾಡುದಿಲ್ಲ.”

ಅಷ್ಟೇನಾ ಎಂದೆ.

“ಅಷ್ಟೇ ಅಲ್ಲ. ಹಸಿವು ನೀವು ತಡೀತೀರಿ, ನಂಗೆ ಗೊತ್ತುಂಟು. ಮರುದಿನ ಪಾರಣೆಯ ಊಟ ಆಗುವವರೆಗೆ ಯಾರ ಹತ್ರವೂ ಚರ್ಚೆ ಮಾಡ್ಲಿಕ್ಕಿಲ್ಲ. ಮಾಡಿದ್ರೆ ಕಲ್ಲಿನ ಸುದ್ದಿ ಈ ಮನೆಯಲ್ಲಿ ಮತ್ತೆ ಬರ್ಲಿಕ್ಕಿಲ್ಲ.”

ಚಹಾ ಲೆಕ್ಕಕ್ಕೆ ಬರುತ್ತದೋ ಎಂದು ಕೇಳಲು ಬಾಯಿ ತೆರೆದವನು, ಏಕಾದಶಿ ಇನ್ನೂ ಬಂದಿಲ್ಲವಾದರೂ ಅಭ್ಯಾಸಕ್ಕೆಂದು ಮುಚ್ಚಿದೆ.

ಆ ಏಕಾದಶಿಯ ದಿನವೇ ಬೆಳ್ತಂಗಡಿಯಾಚೆ ಕಕ್ಕಿಂಜೆಯಲ್ಲಿ ಒಂದು ಹಳೆಯ ಮನೆಯ ಹೆಬ್ಬಾಗಿಲು ನೋಡಲಿಕ್ಕಿತ್ತು. ಜೊತೆಗೆ ಇಬ್ರಾಹಿಂ ಬ್ಯಾರಿ. ನನ್ನ ಮರವೆಲ್ಲ ಅವರ ಪಿಕಪ್ಪಿನಲ್ಲೇ ಬರುವುದು. ದಾರಿಯಲ್ಲಿ ಅವರು ಚಹಾಕ್ಕೆ ಗಾಡಿ ನಿಲ್ಲಿಸಿದಾಗ ವಿಷಯ ಹೇಳಬೇಕಾಯಿತು. ಊಟ ಬಿಟ್ಟದ್ದಕ್ಕೆ ಅವರಿಗೆ ಆಶ್ಚರ್ಯವಾಗಲಿಲ್ಲ, ರಂಜಾನಿನಲ್ಲಿ ಅವರು ಹಗಲಿಡೀ ನೀರನ್ನೂ ಮುಟ್ಟದೆ ಇದೇ ಗಾಡಿ ಓಡಿಸುವವರು. ಚರ್ಚೆ ಬಿಟ್ಟದ್ದನ್ನು ಕೇಳಿ ಚಹಾ ಕೆಳಗಿಟ್ಟರು.

“ಭಟ್ರೆ, ನಾವು ನೋಂಬು ಹಿಡಿದಾಗಲೂ ವ್ಯಾಪಾರ ಮಾಡ್ತೇವೆ ಮಾರಾಯ್ರೆ. ಸುಳ್ಳು ಹೇಳ್ಲಿಕ್ಕಿಲ್ಲ, ಅಷ್ಟೆ. ಆಗ ಮಾತು ತನ್ನಿಂದ ತಾನೇ ಸ್ವಲ್ಪ ಕಮ್ಮಿ ಆಗ್ತದೆ.”

ಹೆಬ್ಬಾಗಿಲು ಹಲಸಿನ ಮರದ್ದು, ಜೇನಿನ ಬಣ್ಣ, ಒಂದು ಕಡೆಯೂ ಹುಳ ಹಿಡಿದಿರಲಿಲ್ಲ. ಇಂಥದ್ದನ್ನು ಕಂಡರೆ ಮುಖ ಸಿಂಡರಿಸಿ, ಬೆರಳಿನಿಂದ ಎರಡು ಸಲ ಬಡಿದು, ‘ಛೆ’ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ನಾನು ಕೈ ಹಿಂದೆ ಕಟ್ಟಿ ನಿಂತೆ. ಮನೆಯ ಯಜಮಾನರು ಒಂದು ದರ ಹೇಳಿದರು. ಅದರ ಅರ್ಧದಿಂದ ಶುರು ಮಾಡಿದರೆ ಮುಕ್ಕಾಲಿಗೆ ಮುಗಿಯುವಂಥ ದರ, ಇಬ್ಬರಿಗೂ ಗೊತ್ತಿತ್ತು. ಆಯಿತು ಎಂದೆ.

ಯಜಮಾನರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲಿನ ಮುಖ ನೋಡಿದರು. ಮೇಲಿನಿಂದ ಕೆಳಗಿನವರೆಗೆ, ಹುಟ್ಟಿದಾರಭ್ಯ ನೋಡದವರಂತೆ ನೋಡಿದರು. ಒಳಗೆ ಹೋಗಿ ಹೆಂಡತಿಯ ಹತ್ತಿರ ಏನೋ ಪಿಸುಗುಟ್ಟಿ ಬಂದು, ಇದನ್ನು ಸದ್ಯಕ್ಕೆ ಕೊಡುವುದಿಲ್ಲ, ತಮ್ಮನನ್ನು ಒಂದು ಮಾತು ಕೇಳಬೇಕು ಎಂದರು. ಇನ್ನಷ್ಟು ಕೊಡುತ್ತೇನೆ ಎಂದರೆ ಅದೂ ಚರ್ಚೆಯೇ. ಸುಮ್ಮನೆ ಕೈಮುಗಿದು ಹೊರಟೆ. ನನ್ನ ಸೌಜನ್ಯ ನೋಡಿ ಅವರ ಅನುಮಾನ ಇನ್ನೂ ಗಟ್ಟಿಯಾದದ್ದು ಬೆನ್ನಿಗೇ ಗೊತ್ತಾಯಿತು. ಗಾಡಿ ಹತ್ತುವಾಗ ಇಬ್ರಾಹಿಂ, “ಇನ್ನು ಅವ್ರು ಆ ಬಾಗಿಲಿಗೆ ಬೇರೆ ಒಂದು ಬೀಗ ಹಾಕ್ತಾರೆ ನೋಡಿ” ಎಂದರು. ಕೊಳ್ಳುವವರಿಗೆ ನನ್ನ ಎರಡನೆಯ ಸಲಹೆ: ಬೇಡದಿದ್ದರೂ ಸ್ವಲ್ಪ ಚರ್ಚೆ ಮಾಡಿ. ಮಾರುವವನ ನೆಮ್ಮದಿಗಾದರೂ ಅದು ಬೇಕು.

ಬಾಗಿಲು ಹೋದರೂ ಉಪವಾಸ ಉಳಿಯಿತು. ಬೇಗ ಮಲಗಿದೆ. ಶಾರದೆ ಬಾಗಿಲಿನ ಕಥೆ ಕೇಳಿ ನಗಲಿಲ್ಲ, ಆ ಕಲ್ಲನ್ನು ತೊಳೆದಿಡುತ್ತೇನೆ ಎಂದಷ್ಟೇ ಹೇಳಿದಳು. ಕೊಂಡುಹೋಗುವವರಿಗೆ ಚೊಕ್ಕ ಇರಲಿ ಎಂದಿರಬೇಕು ಎಂದುಕೊಂಡು ನಾನು ಗೆದ್ದವನ ಹಾಗೆ ನಿದ್ದೆ ಮಾಡಿದೆ.

ಎಚ್ಚರವಾದದ್ದು ಸದ್ದಿಗೆ. ಗುಂಡುಕಲ್ಲು ತಿರುಗುವ ಆ ಗರಗರ ಸದ್ದು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಜಗಲಿಗೆ ಹೋದರೆ ಶಾರದೆ ಸೀರೆಯ ಸೆರಗು ಕಟ್ಟಿ ಕೂತು ತೆಂಗಿನಕಾಯಿಯೊಟ್ಟಿಗೆ ನೆಲ್ಲಿಕಾಯಿ ಕಡೆಯುತ್ತಿದ್ದಳು. ಪಾರಣೆಗೆ ತಂಬುಳಿ. ಅಜ್ಜಿ ಇದರಲ್ಲೇ ದ್ವಾದಶಿಯ ತಂಬುಳಿ ಮಾಡುತ್ತಿದ್ದದ್ದು, ಕಲ್ಲು ಹೋಗುವ ಮೊದಲು ಒಂದು ಸಲ ಕಡೆಯುವ ಎಂದು ಕಂಡಿತು ಎಂದಳು, ತಲೆ ಎತ್ತದೆ. ಒಳಗೆ ಗಂಜಿ ಬೇಯುತ್ತಿತ್ತು. ಆ ಎರಡು ಪರಿಮಳಗಳು ಒಂದಾಗುವ ಜಾಗದಲ್ಲಿ ನಾನು ನಿಂತಿದ್ದೆ. ಗೋಡೆಯ ಪಂಚಾಂಗ ನೋಡಿದೆ. ಪಾರಣೆಯ ಹೊತ್ತಿಗೆ ಇನ್ನೂ ಸ್ವಲ್ಪ ಇತ್ತು.

ನನ್ನ ಬಾಯಿ ನನ್ನನ್ನು ಕೇಳದೆ ಶುರು ಮಾಡಿತು. ಆ ಹೊತ್ತು ಪಂಚಾಂಗ ಅಚ್ಚಾದ ಊರಿನದ್ದು. ನಮ್ಮ ಹೊಳೆಬದಿಗೆ ಅದೇ ಆಗಬೇಕೆಂದು ಎಲ್ಲಿ ಬರೆದಿದೆ? ಪೂರ್ತಿ ಊಟ ನಾನು ಕೇಳುವುದಿಲ್ಲ. ಒಂದು ಸೌಟು ತಂಬುಳಿ. ಸರಿ, ಒಂದು ಹೆಚ್ಚಾಯಿತು ಅಂತ ಕಂಡರೆ ಅರ್ಧ.

ಕಲ್ಲು ನಿಂತಿತು.

“ಆಯ್ತಾ?” ಎಂದಳು ಶಾರದೆ.

“ಎಂತ ಆಯ್ತಾ?”

“ಚರ್ಚೆ.”

ಅವಳು ಅಂಚಿನಲ್ಲಿ ಕೂತ ತಂಬುಳಿಯನ್ನು ಕೈಯಿಂದ ಬಳಿದು ಪಾತ್ರೆಗೆ ಹಾಕಿ, ಮತ್ತೆ ತಿರುಗಿಸಲು ಶುರು ಮಾಡಿದಳು. ಹೋಂಸ್ಟೇಯವರಿಗೆ ಕಲ್ಲು ಇಲ್ಲ ಎಂದು ನಾನೇ ಹೇಳಬೇಕಾಯಿತು. ಅವರು ದರ ಏರಿಸಿದರು, ನಾನು ಒಪ್ಪಲಿಲ್ಲ, ಅವರು ಇನ್ನೂ ಏರಿಸಿದರು. ನನ್ನ ಜನ್ಮದಲ್ಲೇ ಅಷ್ಟು ಚೆಂದದ ಚರ್ಚೆ ಆಗಿದ್ದಿಲ್ಲ, ಆದರೆ ಮಾರಲಿಕ್ಕೆ ಕೈಯಲ್ಲಿ ವಸ್ತು ಇರಲಿಲ್ಲ. ಕಲ್ಲು ಈಗಲೂ ಅಲ್ಲೇ ಉಂಟು, ನನ್ನ ಕಾಲಬೆರಳೂ ಉಂಟು. ಇಷ್ಟು ವರ್ಷ ಊರೂರು ತಿರುಗಿ ವ್ಯಾಪಾರ ಮಾಡಿದವನು ಒಂದು ಹೆಬ್ಬಾಗಿಲನ್ನೂ ಒಂದು ಕಲ್ಲನ್ನೂ ಅರ್ಧ ಸೌಟು ತಂಬುಳಿಗೆ ಬಿಟ್ಟುಕೊಟ್ಟೆ. ಆ ಅರ್ಧ ಸೌಟು ಕೂಡ ಬಡಿಸಿದ್ದು ಪಂಚಾಂಗದ ಹೊತ್ತಾದ ಮೇಲೆಯೇ.