ಗಡಿಗ್ಯಾಗಿನ ಅತ್ತಿ

ನಮ್ಮ ಫುಪ್ಪುಗೆ ಇಬ್ಬರು ಅತ್ತೆಂದಿರು. ಒಬ್ಬಾಕಿ ಬಂಕಾಪುರದ ಖಬರಸ್ತಾನದಾಗ ಮಲಗಿದ್ಲು. ಇನ್ನೊಬ್ಬಾಕಿ ನಮ್ಮ ಅಡಿಗಿಮನಿ ಮೂಲ್ಯಾಗ, ಮಣ್ಣಿನ ಗಡಿಗ್ಯಾಗ ಇದ್ಲು. ಸುಳ್ಳಲ್ರಿ! ಮೊದಲನೇ ಅತ್ತಿಗೆ ಆಕಿ ಎಷ್ಟು ಹೆದರತಿದ್ಲೋ ನಾ ಕಂಡಿಲ್ಲ. ಎರಡನೇ ಅತ್ತಿಗೆ ಹೆದರೂದನ್ನ ಮಾತ್ರ ದಿನಾ ಕಂಡೇನಿ.

ಫುಪ್ಪು ಅಂದ್ರ ನಮ್ಮಪ್ಪನ ಅಕ್ಕ. ನೀವು ಸೋದರತ್ತಿ ಅಂತೀರಲ್ಲ, ಅದ. ಗಂಡ ತೀರಿಕೊಂಡ ಮ್ಯಾಲೆ ಬಂಕಾಪುರ ಬಿಟ್ಟು ಸವಣೂರಿಗೆ, ತವರಮನಿಗೆ ಬಂದ್ಲು. ಬ್ಯಾರೆ ಯಾರರೆ ಆಗಿದ್ರ ಪೆಟ್ಟಗಿ, ಪಾತ್ರಿ, ಹಾಸಿಗಿ ತರತಿದ್ರು. ಈಕಿ ಚಕ್ಕಡ್ಯಾಗ ತೊಡಿ ಮ್ಯಾಲೆ ಒಂದು ಗಡಿಗಿ ಇಟಗೊಂಡು, ಅದಕ್ಕ ಬಿಸಲು ಹತ್ತಬಾರದಂತ ತನ್ನ ಸೆರಗು ಮುಚ್ಚಿ ತಂದ್ಲಂತ. ಗಡಿಗ್ಯಾಗ ಇದ್ದದ್ದು ಖಮೀರು. ಅಂದ್ರ ಪಾವುರೊಟ್ಟಿ ಉಬ್ಬಸೂ ಹುಳಿಹಿಟ್ಟು. ದಿನಾ ಅದರಾಗಿಂದ ಒಂದು ಮುದ್ದಿ ತಗದು ಹೊಸಾ ಹಿಟ್ಟಿನ್ಯಾಗ ನಾದಿದ್ರ ಹಿಟ್ಟು ಉಬ್ಬತೈತಿ. ಉಳಿದದ್ದಕ್ಕ ಒಂದು ಮುಟಗಿ ಹಿಟ್ಟು, ಒಂದೀಟು ನೀರು ಹಾಕಿದ್ರ ಅದು ಮರುದಿನಕ್ಕ ತಯಾರು. ಅದನ್ನ ಫುಪ್ಪುಗೆ ಅತ್ತಿ ಕೊಟ್ಟಿದ್ಲು, ಆ ಅತ್ತಿಗೆ ಆಕಿ ಅತ್ತಿ, ಆಕಿಗೆ ಮತ್ತ ಆಕಿ ಅತ್ತಿ. ಹಿಂಗಾಗಿ ಅದನ್ನ ಹಿಟ್ಟು ಅಂತ ಕರಿಯೂ ಧೈರ್ಯ ಯಾರಿಗೂ ಇರಲಿಲ್ಲ. ಫುಪ್ಪು ಅದಕ್ಕ 'ಬಡೀಬೀ' ಅಂತಿದ್ಲು. ಹಿರೇ ಅವ್ವಾರು ಅಂತ ಅರ್ಥ.

ಬಡೀಬೀ ಮುಂದ ಫುಪ್ಪು ತಲಿಮ್ಯಾಲಿನ ಸೆರಗು ಜಾರಗೊಡತಿರಲಿಲ್ಲ. ಮುಂಜಾನೆ ಎದ್ದಕೂಡಲೆ ಮೊದಲ ಆಕಿಗೆ ಸಲಾಮು, ಆಮ್ಯಾಲೆ ನಮಗ ಬೈಗಳ. ಅಡಿಗಿಮನ್ಯಾಗ ಯಾರರೆ ಜೋರಾಗಿ ಸೀನಿದ್ರ "ಮೆಲ್ಲಕ! ಹಿರ್ಯಾರು ಮಲಗ್ಯಾರ" ಅಂತ ಗದರತಿದ್ಲು.

ನಾ ಕನ್ನಡ ಶಾಲಿ ಮಾಸ್ತರ. ನಾಕು ಅಕ್ಷರ ಕಲಿತಾವ ಸುಮ್ಮನ ಇರತಾನೇನು? "ಫುಪ್ಪು, ಹಿಟ್ಟಿಗೆ ಕಿವಿ ಇರೂದಿಲ್ಲ" ಅಂದೆ.

"ನಿನಗ ಎರಡು ಅದಾವಲ್ಲ, ಏನ ಉಪಯೋಗ ಆತು?" ಅಂದ್ಲು.

ಮನ್ಯಾಗ ನಾವು ನಾಕು ಮಂದಿ. ಅಪ್ಪ ಬೆಳಗಾವಿ ಕಡೆ ದುಡಿಯಾಕ ಹೋದಾವ, ಹಬ್ಬಕ್ಕಷ್ಟ ಬರತಿದ್ದ. ಉಳಿದಾವರು ಫುಪ್ಪು, ಅಮ್ಮಾ, ನಾನು, ಮತ್ತ ದಾದಾ. ದಾದಾ ಅಂದ್ರ ನನ್ನ ಅಜ್ಜ. ಫುಪ್ಪುಗೆ ಅಪ್ಪ, ಆಕಿ 'ಅಬ್ಬಾ' ಅಂತ ಕರೀತಿದ್ಲು. ಎಲಿತೋಟದಾಗ ದುಡದು ದುಡದು ಬೆನ್ನು ಬಾಗಿತ್ತು. ಕಣ್ಣಿಗೆ ಪೊರಿ ಬಂದು ಬೆಳಕು ಯಾವುದು ನೆರಳು ಯಾವುದು ಅನ್ನೂದು ಬಿಟ್ರ ಏನೂ ಕಾಣತಿರಲಿಲ್ಲ. ಕಣ್ಣು ಹೋದಷ್ಟೂ ಕಿವಿ ಚುರುಕಾಗಿದ್ದು ಖರೆ, ಆದ್ರ ಕಿವಿಗಿಂತ ಚುರುಕಾಗಿದ್ದು ಹೊಟ್ಟಿ.

ಗಲಾಟಿ ಸುರುವಾದದ್ದು ಹಾನಗಲ್ಲಾಗಿನ ಒಂದು ಶಾದಿಯಿಂದ. ಫುಪ್ಪು ಹೋಗಲಿಕ್ಕೇಬೇಕಾಗಿತ್ತು. ಹೋಗೂ ಮುಂದ ಅಮ್ಮಾನ ಕರದು, "ದಿನಕ್ಕ ಒಂದು ಮುಟಗಿ ಹಿಟ್ಟು. ಹೆಚ್ಚಿಗಿ ಒಂದು ಚಿಟಿಕೀನೂ ಹಾಕಬ್ಯಾಡ. ಆಕಿ ಎಷ್ಟ ಗುಳುಗುಳು ಅಂದ್ರೂ ಕಿವಿಗೆ ಹಾಕ್ಕೋಬ್ಯಾಡ" ಅಂತ ತಾಕೀತು ಮಾಡಿದ್ಲು.

ನಮ್ಮ ಅಮ್ಮಾನ ಕರಳು ಮೆತ್ತಗ. ಬಾಗಲಿಗೆ ಬಂದ ನಾಯಿಗೂ ತಾಟು ಹಾಕೂ ಪೈಕಿ. ಗಡಿಗಿ ಬಾಯಿ ತಗದು ನೋಡಿ, "ಪಾಪ, ಹಸದು ಗುಳ್ಳಿ ಬಿಡಾಕತ್ತಾಳ" ಅಂತ ಎರಡು ಬೊಗಸಿ ಹಿಟ್ಟು ಹಾಕಿದ್ಲು. ಅಷ್ಟಕ್ಕ ಬಿಟ್ಟಿದ್ರ ಬಡೀಬೀ ಪುಣ್ಯಾ. ಹಬ್ಬದ ಬೆಲ್ಲ ಉಳದಿತ್ತು, ಅದನ್ನೂ ಒಂದು ಹೆಂಟಿ ಕರಗಿಸಿ ಹೊಯ್ದ್ಲು!

ಮಧ್ಯಾಹ್ನದ ಹೊತ್ತಿಗೆ ಬಡೀಬೀ ಮುಚ್ಚಳ ಎತ್ತಿ ಒಗದು ಗಡಿಗಿ ಬಿಟ್ಟು ಹೊರಗ ಬಂದ್ಲು. ಮೂಲಿ ದಾಟಿ, ಒಲಿ ದಾಟಿ, ಹೊಸ್ತಿಲದ ಕಡೆ ಹೊಂಟ್ಲು. ಕೋಳಿ ಬಂದು ರುಚಿ ನೋಡಿ ಕಾಲು ಅಂಟಿಸಿಕೊಂಡು ಒದರಾಕತ್ತಿತು. ದಾದಾ ಹೊರಸಿನ ಮ್ಯಾಲಿಂದಾನ ಕೇಳಿದ, "ಏನಾತು?"

"ಬಡೀಬೀ ಉಕ್ಕಿ ಹರಿಯಾಕತ್ತಾಳ ದಾದಾ."

"ಹೊಟ್ಟಿತುಂಬ ಉಂಡಾವರು ಹಂಗ ಇರತಾರ. ನೋಡಿ ಕಲೀರಿ" ಅಂದ.

ಮರುದಿನ ನೋಡಿದ್ರ ಬಡೀಬೀ ತಳಾ ಹಿಡದಿದ್ಲು. ಮ್ಯಾಲೆ ಕರೀ ನೀರು, ಮೂಗು ಕಟ್ಟೂ ಹುಳಿ ವಾಸನಿ. ಗುಳ್ಳಿ ಇಲ್ಲ, ಗುಳುಗುಳು ಇಲ್ಲ. ಶಾದಿ ಮುಗಿಸಿ ಫುಪ್ಪು ಬಂದ್ಲು. ಬಗ್ಗಿ ಮೂಸಿದ್ಲು. ಕುಂತ್ಲು. ಬೈಯಲಿಲ್ಲ. ನಮಗ ಹೆದರಿಕಿ ಆಗಿದ್ದು ಅದಕ್ಕ! ಫುಪ್ಪು ಬೈಯದ ಕುಂತದ್ದನ್ನ ನಮ್ಮ ಓಣಿ ಅದ ಮೊದಲ ನೋಡಿದ್ದು. ಅಮ್ಮಾ ಬಾಗಲ ಮರಿಗೆ ನಿಂತು ಅಳಾಕತ್ತಿದ್ಲು.

ಕಡೀಕ ಫುಪ್ಪು ಆ ಹಿಟ್ಟೆಲ್ಲಾ ಚೆಲ್ಲಿ, ತಳದಾಗಿಂದ ಒಂದು ಚಮಚಾ ಅಷ್ಟ ತಗದಿಟ್ಲು. ಅದಕ್ಕ ಚೂರು ಹಿಟ್ಟು, ಚೂರು ನೀರು. ಮರುದಿನ ಮತ್ತ ಚೂರು. ಹಿಂಗ ಬಾಣಂತನ ಮಾಡಿದಂಗ ಮಾಡಿದ್ಲು. ಒಂದು ದಿನ ಚಿಟ್ಟನ ಚೀರಿದ್ಲು, "ಬರ್ರಿ! ಎಲ್ಲಾರೂ ಬರ್ರಿ!" ಓಡಿದಿವಿ. ನೋಡಿದ್ರ ಒಂದ ಒಂದು ಗುಳ್ಳಿ. ನಾವು ನಿಂತು ಗುಳ್ಳಿ ನೋಡಿದಿವಿ. ಬಾಜೂ ಮನ್ಯಾವರೂ ಬಂದು ಗುಳ್ಳಿ ನೋಡಿ, ಛಲೋ ಆತು ಅಂತ ಹೇಳಿ ಹೋದ್ರು.

"ನಾ ರಾತ್ರೆಲ್ಲಾ ಕೆಮ್ಮಿದ್ರ ಒಬ್ಬರೂ ಬರೂದಿಲ್ಲ" ಅಂದ ದಾದಾ.

ಈ ಮಾತು ಆಡಬಾರದಾಗಿತ್ತು. ಫುಪ್ಪು ತಿರುಗಿ ದಾದಾನ್ನ ನೋಡಿದ್ಲು, ಗಡಿಗಿ ನೋಡಿದ್ಲು, ಮತ್ತ ದಾದಾನ್ನ ನೋಡಿದ್ಲು. ಸಿದ್ಧಾಂತ ಹುಟ್ಟಿದ್ದು ಆವಾಗ.

"ಎಳೀ ಹಿಟ್ಟು ಎಷ್ಟ ಹಾಕಿದ್ರೂ ತಿಂದು ಜೀರ್ಣಿಸಿಕೊಂತೈತಿ. ಮುಪ್ಪಿನ ಹಿಟ್ಟಿಗೆ ಹೊಟ್ಟಿತುಂಬ ಹಾಕಿದ್ರ ಒಂದ ದಿನ ಕುಣದು ಮರುದಿನ ಸಾಯತೈತಿ. ಅರೆಹೊಟ್ಟಿ ಇಟ್ರ ತಲಿಮಾರುಗಟ್ಲೆ ಬದುಕತೈತಿ. ನನಗ ಉಳಿದದ್ದು ಎರಡು ಮುಪ್ಪಿನ ಜೀವ. ಎರಡನ್ನೂ ನಾ ಸಾಯಗೊಡೂದಿಲ್ಲ" ಅಂದ್ಲು.

ಅವತ್ತಿನಿಂದ ದಾದಾಗ ಅರ್ಧ ರೊಟ್ಟಿ.

ಮೊದಲನೇ ದಿನ ದಾದಾ ತಾಟಿನ್ಯಾಗಿನ ರೊಟ್ಟಿ ಅಂಚಿನ ಗುಂಟ ಬಟ್ಟು ಆಡಿಸಿದ. ಒಂದು ಕಡೆ ಗುಂಡಗ ಇತ್ತು, ಇನ್ನೊಂದು ಕಡೆ ಸೀದಾ ಇತ್ತು. "ಇದನ್ನ ಯಾರು ಕಡದಾರ?" ಅಂತ ಕೇಳಿದ.

"ನಾನ. ನಿನ್ನ ಛಲೋದಕ್ಕ ಅಬ್ಬಾ."

"ನಾ ಏನ ಗಡಿಗ್ಯಾಗ ಅದೇನಿ ಏನವಾ?"

"ಗಡಿಗ್ಯಾಗಿನಾಕಿ ನಿನಗಿಂತ ಹಿರ್ಯಾಕಿ. ಒಂದು ದಿನಾರೆ ತಕರಾರು ಮಾಡ್ಯಾಳೇನು?"

ದಾದಾ ಆ ಅರ್ಧಾನ ಉಂಡು ತಾಟು ಬಳದ. ದಿನಾ ಅಂಚು ಮುಟ್ಟಿ ನೋಡೂದು, "ಇವತ್ತೂ ಅರ್ಧಾನ" ಅನ್ನೂದು, ಜಗಳಾಡೂದು, ಸೋಲೂದು. ಎಲಿ ತರಾಕ ಹೋಗತೇನಿ ಅಂತ ಗ್ವಾಡಿ ಹಿಡಕೊಂಡು ಬಾಜೂ ಮನಿಗೆ ಹೋಗಿ ಉಂಡು ಬರತಿದ್ದ. ಟೊಪಿಗಿ ಒಳಗ ಸೇಂಗಾ ಇಟಗೊಂಡು ಬರತಿದ್ದ. ಒಂದ ಸಲ ನಮಾಜಿಗೆ ಬಗ್ಗಿದಾಗ ಆ ಸೇಂಗಾ ಎಲ್ಲಾ ಉರುಳಿ ಹಿಂದಿನ ಸಾಲಿನವರು ಆರಿಸಿಕೊಟ್ರಂತ!

ಅಷ್ಟರಾಗ ಸಿದ್ಧಾಂತಕ್ಕ ಹೊರಗಿನವರ ಸಾಕ್ಷಿ ಬ್ಯಾರೆ ಸಿಕ್ಕಿತು. ಫುಪ್ಪು ಮನಿ ಮುಂದ ಭಟ್ಟಿ ಹಾಕಿ, ಬಡೀಬೀ ಉಬ್ಬಿಸಿದ ಹಿಟ್ಟಿನ ಪಾವು ಸುಟ್ಟು ಮಾರತಿದ್ಲು. ಆ ಕಾಲದಾಗ ಪಾವು ಅಂದ್ರ ಜಡ್ಡಿನವರ ಊಟ. ಆರಾಮ ಇದ್ದಾವರು ಅದನ್ನ ಮುಟ್ಟತಿರಲಿಲ್ಲ. ಒಂದು ದಿನ ಹಿರೇಬೆಂಡಿಗೇರಿ ಗೌಡ್ರೊಬ್ಬರು ಕೈಯಾಗ ಹಿತ್ತಾಳಿ ಪಾವು ಹಿಡಕೊಂಡು ನಮ್ಮ ಭಟ್ಟಿ ಮುಂದ ಬಂದು ನಿಂತ್ರು. ಪಾವು ಅಂದ್ರ ಕಾಳು ಅಳಿಯೂ ಪಾವು, ಪಾವಶೇರು.

"ಬೀಬವ್ವಾ, ಇದರ ತುಂಬ ಪಾವು ಹಾಕು" ಅಂದ್ರು.

"ಪಾವು ಅಳದು ಕೊಡೂದಿಲ್ರಿ ಗೌಡ್ರ, ಎಣಿಸಿ ಕೊಡತಾರ. ಯಾರಿಗೆ ಜಡ್ಡು?"

ಆವಾಗ ಸಂಗತಿ ಹೊರಗ ಬಂತು. ಗೌಡ್ರ ಅಪ್ಪಗ ದೊಡ್ಡ ಜ್ವರ ಬಂದಿತ್ತಂತ. ದವಾಖಾನಿ ಡಾಕ್ಟರು ಮರಾಠಿ ಮಂದಿ. "ಎರಡು ಹೊತ್ತು ಪಾವು, ಹಾಲು. ಮತ್ತೇನೂ ಬ್ಯಾಡ" ಅಂದಿದ್ರಂತ. ಗೌಡ್ರು ಮನಿಗೆ ಹೋಗಿ ಹಿತ್ತಾಳಿ ಪಾವು ತಿಕ್ಕಿ ತೊಳದು, ಎರಡು ಹೊತ್ತೂ ಅದರ ತುಂಬ ಹಾಲು ಅಳದು ಕೊಟ್ಟಾರ. ಪಾವು ಹಾಲು! ಮತ್ತೇನೂ ಇಲ್ಲ! ಅದು ರೊಟ್ಟಿ ಹೆಸರು ಅಂತ ಆವತ್ತ ಸಂತ್ಯಾಗ ಯಾರೋ ಹೇಳಿದ್ರಂತ.

"ಈಗ ಹೆಂಗದಾರ ಹಿರ್ಯಾರು?" ಅಂತ ಫುಪ್ಪು ಕೇಳಿದ್ಲು.

"ಎದ್ದು ಕುಂತಾನ. ಬೈಯಾಕತ್ತಾನ."

ಫುಪ್ಪುನ ಮಾರಿ ಅರಳಿತು. ಒಳಗ ಮಾರಿ ಮಾಡಿ, "ಕೇಳಿದೇನು ಅಬ್ಬಾ? ಅರೆಹೊಟ್ಟ್ಯಾಗ ಎದ್ದು ಕುಂತಾರ!" ಅಂದ್ಲು.

"ಅವಂಗ ಪಾವರೆ ಸಿಕ್ಕೈತಿ" ಅಂದ ದಾದಾ.

ಗೌಡ್ರು ಇನ್ನೂ ಹೋಗದ ನಿಂತಿದ್ರು. ಏನೋ ಕೇಳೂದಿತ್ತು. "ತಪ್ಪ ತಿಳಕೋಬ್ಯಾಡವಾ. ಪಾಂವ್ ಅಂದ್ರ ನಿಮ್ಮ ಮಾತಿನ್ಯಾಗ ಕಾಲಂತ. ಇದನ್ನ ಕಾಲಿಲೆ ತುಳದು ಮಾಡತಾರಂತ ಮಂದಿ ಆಡಕೊಂತಾರ, ಖರೇನೇನು?"

ಫುಪ್ಪು ಒಂದು ಕಾಲು ಮುಂದ ಚಾಚಿದ್ಲು. ಹಿಮ್ಮಡಿ ತುಂಬ ಬಿರುಕು. "ನೋಡ್ರಿ ಗೌಡ್ರ, ಇದರಲೆ ತುಳದ್ರ ಅರ್ಧ ಹಿಟ್ಟು ಬಿರುಕಿನ್ಯಾಗ ಹೊಕ್ಕೊಂತೈತಿ. ನನಗ ಪೂರೈಸತೈತೇನು?"

ಗೌಡ್ರಿಗೆ ಈ ಮಾತು ಖರೆ ಅನಿಸಿತು. ಆರು ಪಾವು ಕಟ್ಟಿಸಿಕೊಂಡು ಹೋದ್ರು.

ಆಮ್ಯಾಲೆ ಯುದ್ಧ ಬಂತು. ಯುದ್ಧ ಎಲ್ಲೋ ದೂರ ನಡದಿತ್ತು, ಆದ್ರ ಗೋದಿ ಕಾಣದಂಗ ಆದದ್ದು ನಮ್ಮ ಊರಾಗ. ಬೆಲ್ಲ ಹೋತು, ಸೀಮಿಎಣ್ಣಿ ಹೋತು. ರೇಷನ್ ಬಂತು. ಸರತಿ ಹಚ್ಚಿ ತಂದ ಜ್ವಾಳದಾಗ ಕಲ್ಲು ಹಳ್ಳು ಆರಿಸಿದ್ರ ಚೀಲ ಇಳೀತಿತ್ತು. ಭಟ್ಟಿ ತಣ್ಣಗಾತು. ಹೊಗಿ ಬರದ್ದನ್ನ ನೋಡಿ ಓಣಿ ಮಂದಿ, "ಬಡೀಬೀ ಹೋದ್ಲೇನು?" ಅಂತ ಕೇಳಾಕ ಬರತಿದ್ರು.

ಬಡೀಬೀ ಹೋಗಿರಲಿಲ್ಲ. ಫುಪ್ಪು ಆಕಿನ್ನ ಗಟ್ಟಿ ಉಂಡಿ ಮಾಡಿ, ತೌಡಿನ್ಯಾಗ ಹೊರಳಿಸಿ, ತಂಪು ಮೂಲ್ಯಾಗ ಇಟ್ಟು, ಗಡಿಗಿಗೆ ತಣ್ಣೀರ ಬಟ್ಟಿ ಸುತ್ತಿದ್ಲು. ಆಗೊಮ್ಮೆ ಈಗೊಮ್ಮೆ ಒಂದು ಚಿಟಿಕಿ ಹಿಟ್ಟು. "ನಿದ್ದಿ ಮಾಡಲಿ. ಹಸದು ಮಲಗಿದ್ರ ಸಾಯೂದಿಲ್ಲ" ಅಂದ್ಲು.

ಒಂದು ದಿನ ತಾಟಿನ ಮುಂದ ಇನ್ನೊಂದು ಫರ್ಮಾನು ಹೊರಡಿಸಿದ್ಲು, "ನನಗೂ ಮುಪ್ಪು ಬಂತು. ಇನ್ನ ಮ್ಯಾಲೆ ನನಗೂ ಅರ್ಧಾನ."

ನಿನ್ನೆತನಕ ತನ್ನ ವಯಸ್ಸು ಕೇಳಿದಾವರಿಗೆ ಲಟ್ಟಣಿಗಿ ತೋರಿಸತಿದ್ದಾಕಿ! ನಾ ಬಿಡತೇನೇನು? "ಫುಪ್ಪು, ಹಂಗಾದ್ರ ನಿನ್ನ ಹೊಟ್ಟಿಗೂ ಒಂದು ತಣ್ಣೀರ ಬಟ್ಟಿ ಸುತ್ತಲೇನು?" ಅಂದೆ. ಹೊಟ್ಟಿಗೆ ತಣ್ಣೀರ ಬಟ್ಟಿ ಅಂದ್ರ ಏನರ್ಥ ಅಂತ ಹುಡುಗರಿಗೆ ಕಲಿಸೂದು ನನ್ನ ನೌಕರಿ.

"ಮೊದಲ ನಿನ್ನ ಬಾಯಿಗೆ ಸುತ್ತಗೋ" ಅಂದ್ಲು. ಎಲ್ಲಾರೂ ನಕ್ಕಿವಿ.

ಹಿಟ್ಟು ಇದ್ದದ್ದು ಸಂಜಿಗೆ ಮೂರು ರೊಟ್ಟಿ ಆಗೂವಷ್ಟು. ಅಮ್ಮಾಗ ಒಂದು, ನನಗ ಒಂದು, ಮುಪ್ಪಿನವರಿಬ್ಬರಿಗೂ ಅರ್ಧರ್ಧ. ಲೆಕ್ಕಾ ಚುಕ್ತಾ. ಫುಪ್ಪು ತಾನ ಬಡಿಸತಿದ್ಲು. ದಾದಾನ ತಾಟು ಮುಚ್ಚಿಕೊಂಡು ಪಡಸಾಲಿಗೆ ಒಯ್ದು ಕೊಟ್ಟು ಬಂದು, "ನಾ ಬಡೀಬೀ ಕೂಡ ಉಣ್ಣತೇನಿ" ಅಂತ ಮೂಲಿಗೆ ಹೋಗತಿದ್ಲು. ದಾದಾನೂ ಇತ್ತಿತ್ತಲಾಗ ಜಗಳಾಡೂದು ಬಿಟ್ಟಿದ್ದ. ಒಳಗೊಳಗ ನಗತಿದ್ದ. ಮುದುಕ ಸೋಲು ಒಪ್ಪಿಕೊಂಡಾನಂತ ನಾವು ತಿಳಕೊಂಡಿದ್ದಿವಿ.

ಒಂದು ಸಂಜಿ ದಾದಾ ಪಡಸಾಲಿಯಿಂದ ಕೂಗಿದ, "ಮಾಸ್ತರ! ಬಾ ಇಲ್ಲೆ."

ಹೋದೆ. ದಾದಾ ತಾಟು ತೊಡಿ ಮ್ಯಾಲೆ ಇಟಗೊಂಡು, ಅಂಚಿನ ಗುಂಟ ಬಟ್ಟು ಆಡಿಸಾಕತ್ತಿದ್ದ. ಬಟ್ಟು ಸುತ್ತು ಹಾಕಿ ಹೊಂಟಲ್ಲಿಗೇ ಬಂತು. ಸೀದಾ ಅಂಚು ಎಲ್ಲೂ ಇರಲಿಲ್ಲ.

"ಇದು ಅರ್ಧಾನೋ ಪೂರಾನೋ?"

"ಪೂರಾ ದಾದಾ."

"ದಿನಾ ಪೂರಾನ ಬರಾಕತ್ತೈತಿ. ಗೆದ್ದೆ ಅಂತ ಖುಷಿ ಆಗಿದ್ದೆ. ಇವತ್ತ ನಿಮ್ಮ ಅಮ್ಮಾ ರೊಟ್ಟಿ ಬಡಿಯೂ ಸಪ್ಪಳಕ್ಕ ಕಿವಿ ಕೊಟ್ಟೆ. ಮೂರ ರೊಟ್ಟಿ ಬಡದ್ಲು. ನಿನ್ನ ತಾಟಿನ್ಯಾಗ ಒಂದು?"

"ಹೌದು."

"ಅಮ್ಮಾನ ತಾಟಿನ್ಯಾಗ?"

"ಒಂದು."

"ನನ್ನ ಹತ್ರ ಒಂದು. ಲೆಕ್ಕಾ ಹೇಳೋ ಮಾಸ್ತರ, ನನ್ನ ಮಗಳ ರೊಟ್ಟಿ ಎಲ್ಲೈತಿ?"

ಫುಪ್ಪು ಬಾಗಲದಾಗ ನಿಂತಿದ್ಲು. ಚೌಕಟ್ಟು ಹಿಡದ ಕೈ ಸಣಕಲಾಗಿ, ಬೆಳ್ಳಿ ಬಳಿ ಮೊಣಕೈತನಕ ಜಾರಿದ್ದು ನನಗ ಕಂಡಿದ್ದು ಆವಾಗ. ಅಮ್ಮಾ ಮೂಲಿಗೆ ಹೋಗಿ ಫುಪ್ಪುನ ತಾಟು ತಂದ್ಲು. ಅದರಾಗ ಒಂದೀಟು ಚಟ್ನಿ, ಮತ್ತೇನೂ ಇಲ್ಲ.

ದಾದಾ ರೊಟ್ಟಿ ಮುರದ. ಪೂರಾ ನಡುಬರಕ, ಬಟ್ಟು ಆಡಿಸಿ ಅಳದು ಮುರದ. "ಬಾ" ಅಂದ.

"ನನಗ ಹಸಿವಿಲ್ಲ ಅಬ್ಬಾ. ಮುಪ್ಪಿನವರಿಗೆ ಅರೆಹೊಟ್ಟಿ..."

"ಮುಪ್ಪಿನಾವ ನಾನು. ನನಗ ಅರ್ಧ ಸಾಕು, ನೀನ ಹೇಳಿದ್ದು. ನೀ ನಿನ್ನೆ ಮೊನ್ನೆ ಹುಟ್ಟಿದಾಕಿ. ನನ್ನ ಮುಂದ ನೀ ಎಳೀ ಹಿಟ್ಟವಾ. ಉಣ್ಣು."

ಇಷ್ಟು ವರ್ಷ ಪೂರಾ ರೊಟ್ಟಿಗೆ ಜಗಳಾಡಿ ಸೋತ ಮನಿಷಾ, ಅವತ್ತ ಅರ್ಧ ರೊಟ್ಟಿಗೆ ಜಗಳಾಡಿ ಗೆದ್ದ. ಫುಪ್ಪು ಹೊರಸಿನ ಕಾಲಿಗೆ ಆನಿಕೊಂಡು ಕುಂತು, ಸೆರಗಿಲೆ ಮಾರಿ ಒರಿಸಿಕೊಂತ ಉಣ್ಣಾಕತ್ತಿದ್ಲು. ದಾದಾ ನಡುನಡುವ ಆಕಿ ತಾಟಿಗೆ ಕೈ ಚಾಚಿ ಅಂಚು ಮುಟ್ಟಿ ನೋಡತಿದ್ದ, ಖರೇನ ಉಣ್ಣಾಕತ್ತಾಳೋ ಇಲ್ಲೋ ಅಂತ.