ತೇ ದೊಡ್ಡದೋ ಚಾ ದೊಡ್ಡದೋ

ಬೀಗರಾಗುವವರ ಮುಂದೆ ಬಾಯಿ ಬಿಡಬೇಡಿ ಎಂದು ಹೆಂಡತಿ ಬೆಳಗಿನಿಂದ ಹೇಳಿದ್ದಳು. ಷಿಯಾಮೆನ್ ಬಂದರಿನ ಓಣಿಯಲ್ಲಿ ಬಟ್ಟೆ ಹೊಲಿಯುವ ಹುಯಿ-ಲಾಮ್ ಚಹಾ ಮುಂದಿಟ್ಟು ತಮ್ಮೂರ ನುಡಿಯಲ್ಲಿ ಬಿಟ್ಟದ್ದು ಒಂದೇ ಮಾತು: "ತೇ ತಗೊಳ್ಳಿ."

ಮಗಳು ಸಿಯೋಕ್-ಗಿಮ್‌ಳನ್ನು ನೋಡಲು ಗುವಾಂಗ್‌ಝೌದಿಂದ ಮಗನೊಡನೆ ಬಂದಿದ್ದ ಲ್ಯೂಂಗ್ ಸಾಹುಕಾರರು ಪುಟ್ಟ ಬಟ್ಟಲನ್ನು ಮೂಸಿ, "ಚಾ ಚೆನ್ನಾಗಿದೆ. ಹೆಸರು ಮಾತ್ರ ತೊದಲೋರು ಇಟ್ಟ ಹಾಗಿದೆ," ಎಂದರು.

ಹುಯಿ-ಲಾಮ್‌ನ ಕಿವಿಗಳು ಇಸ್ತ್ರಿಪೆಟ್ಟಿಗೆಯಂತೆ ಕಾದವು. ಡಚ್ಚರು ಎಲೆಯ ಜೊತೆ ಹೆಸರನ್ನೂ ಹಡಗಿಗೆ ತುಂಬಿಕೊಂಡದ್ದು ನಮ್ಮವರಿಂದಲೇ, ಇಂಗ್ಲಿಷರ ಟೀ, ಫ್ರೆಂಚರ ತೇ, ಜರ್ಮನರ ಟೇ ಎಲ್ಲವೂ ನಮ್ಮಜ್ಜಂದಿರ ಬಾಯಿಂದ ಬಿದ್ದವೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ. ಲ್ಯೂಂಗ್ ಬಿಡುವವರೇ? ಪೋರ್ಚುಗೀಸರು, ಇರಾನಿನವರು, ರಷ್ಯದವರು, ತುರ್ಕರು ಎಲ್ಲರನ್ನೂ ಚಾ ಕಡೆಗೆ ಸಾಲಾಗಿ ನಿಲ್ಲಿಸಿದರು.

ಸುಮ್ಮನಿರಲೆಂದು ಹೆಂಡತಿ ಗಂಡನ ಕಾಲು ತುಳಿದಳು. ತುಳಿದದ್ದು ಬೀಗರ ಕಾಲು. ಅವರ ಕೂಗಿಗೆ ನೆರೆಯವರು ಸ್ಟೂಲು ಹೊತ್ತುಕೊಂಡೇ ಬಂದರು. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಎದುರುಮನೆಯ ಮುದುಕ ಬುನ್-ಸೆಂಗ್, ಮಂಗಳೂರು ಬಂದರಿನ ಕತೆ ತೆಗೆದ: "ಅಲ್ಲಿ ಕನ್ನಡದೋರು ಚಾನೂ ಅಂತಾರೆ, ಟೀನೂ ಅಂತಾರೆ."

ಕನ್ನಡದವರು ಯಾರ ಕಡೆ ಎಂದು ಇನ್ನೊಂದು ಜಗಳ ಹೊತ್ತಿಕೊಂಡಿತು. ನೀನೇನಂತೀಯ ಎಂದು ವರನನ್ನೇ ಕೇಳಿದರು. ಆತ ಅಪ್ಪನತ್ತ ತಿರುಗಿ ಚಾ ಎಂದ, ಮಾವನಾಗುವವನತ್ತ ತಿರುಗಿ ತೇ ಎಂದ.

ಸಂಜೆ ಲ್ಯೂಂಗ್ ಎದ್ದು ನಿಂತಾಗ, ಮಾತಿನ ಚಪಲಕ್ಕೆ ಮಗಳ ಮದುವೆ ಮುರಿದೆನಲ್ಲಾ ಎಂದು ಹುಯಿ-ಲಾಮ್ ತನ್ನನ್ನೇ ಬೈದುಕೊಂಡ. ಅವರು ಬಾಗಿಲಲ್ಲಿ ನಿಂತು ಕಡಲಿನತ್ತ ಕೈ ತೋರಿಸಿದರು.

"ಇರೋದು ಒಂದು ಎಲೆ. ಅದಕ್ಕೆ ನಿಮ್ಮೋರ ಬಾಯಿಂದೊಂದು ಹೆಸರು, ನಮ್ಮೋರ ಬಾಯಿಂದೊಂದು. ಲೋಕವೆಲ್ಲ ಹಾಸಿಗೆಯಿಂದ ಎದ್ದು ಅದನ್ನೇ ಕರೀತದೆ. ಯಾವ ಚಕ್ರವರ್ತಿ ಹೆಸರು ಅಷ್ಟು ದೂರ ಹೋಗಿದೆ, ಹೇಳಿ ಯಜಮಾನ್ರೇ? ತಮ್ಮೂರ ಮಾತಿಗೆ ಹೀಗೆ ಬಡಿದಾಡೋ ಮನೆಯ ಹೆಣ್ಣೇ ನಮಗೆ ಬೇಕು."

ಹುಯಿ-ಲಾಮ್‌ನ ಕಣ್ಣು ತುಂಬಿತು. ಮತ್ತೆ ಬಟ್ಟಲು ತುಂಬಿಸುವಷ್ಟರಲ್ಲಿ ಒಳಗಿನಿಂದ ಮಗಳು ಬಂದಳು.

"ಈ ಹುಡುಗ ನಂಗೆ ಬೇಡಪ್ಪ. ಕುಡಿಯೋದಕ್ಕೆ ಹೆಸರು ಹೇಳೋಕೇ ಇಬ್ಬರ ಮುಖ ನೋಡ್ತಾನೆ. ನಾಳೆ ನಿನ್ನ ಹೆಂಡ್ತಿ ಯಾರು ಅಂದ್ರೆ ಇನ್ಯಾರ ಮುಖ ನೋಡ್ತಾನೋ."

ಲ್ಯೂಂಗ್ ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು, ನಿಧಾನವಾಗಿ ತಲೆದೂಗಿದರು. ಆಮೇಲೆ ಮಗನೊಬ್ಬನನ್ನೇ ರೈಲಿಗೆ ಕಳಿಸಿ, ಸ್ಟೂಲು ಎಳೆದುಕೊಂಡು ಕೂತು, ಜಪಾನಿನವರು ಯಾರ ಕಡೆ ಎಂಬ ವಿಚಾರ ಇನ್ನೂ ಬಾಕಿ ಇದೆ ಎಂದರು.

ಹುಯಿ-ಲಾಮ್‌ಗೆ ಅಳಿಯ ದಕ್ಕಲಿಲ್ಲ. ಬೀಗರು ಮಾತ್ರ ಹೊರಡುವ ಲಕ್ಷಣವೇ ಇರಲಿಲ್ಲ.